ಕೈ ಇಳಿಸಿದವರ ಸರದಿ

ಹೆದರುಪುಕ್ಕಲಿ ಎಂದರೆ ಹೆದರುಪುಕ್ಕಲಿ, ಅದರಲ್ಲಿ ಮುಚ್ಚುಮರೆ ಏನಿದೆ? ಕುಕ್ಕರ್ ಕೂಗಿದರೆ ಬೆಚ್ಚಿಬೀಳುವ ಹೆಂಗಸು. ಲಿಫ್ಟ್ ಅರೆಕ್ಷಣ ತಡೆದರೆ ಪಕ್ಕದಲ್ಲಿ ನಿಂತವರು ಯಾರೇ ಆಗಿರಲಿ, ಅವರ ತೋಳು ಹಿಡಿದುಬಿಡುತ್ತಿದ್ದಳು. ಬಾಗಿಲಿಗೆ ಬೀಗ ಹಾಕಿ, ಅರ್ಧ ಬೀದಿ ನಡೆದು, ತಿರುಗಿ ಬಂದು ಬೀಗ ಜಗ್ಗಿ ನೋಡಿ, ಆಮೇಲೆ ‘ಜಗ್ಗಿದ್ದಕ್ಕೇ ಸಡಿಲವಾಯಿತೇನೋ’ ಎಂದು ಮತ್ತೊಮ್ಮೆ ಹೆದರುವವಳು. ಚಿಕ್ಕಂದಿನಲ್ಲಿ ಮನೆಯವರು ಪುಕ್ಕಲಿ ಎಂದರು. ನಲವತ್ತೆರಡು ತುಂಬುವ ಹೊತ್ತಿಗೆ ಆಫೀಸಿನವರು ಮರ್ಯಾದೆ ಸೇರಿಸಿ ಪುಕ್ಕಲಕ್ಕ ಎಂದರು. ಆದ ಬೆಳವಣಿಗೆ ಅಷ್ಟೇ.

ಆದರೆ ದೇವರ ತಮಾಷೆ ನೋಡಿ, ಹೆದರುವುದಕ್ಕೇ ಸಂಬಳ ಕೊಡುವ ಕೆಲಸ ಅವಳಿಗೆ ಸಿಕ್ಕಿತು. ಚಿಪ್ ತಯಾರಿಸುವ ಕಂಪನಿ. ಅಲ್ಲಿ ಕೆಲವರು ಚಿಪ್ಪಿನ ಒಳಗಿನ ನಕ್ಷೆ ಬರೆಯುತ್ತಾರೆ. ಇನ್ನು ಕೆಲವರು ಅದರ ಮುಂದೆ ಕೂತು, ‘ಇದು ಎಲ್ಲಿ ಕೆಡಬಹುದು, ಹೇಗೆ ಕೆಡಬಹುದು’ ಎಂದು ಹಗಲಿಡೀ ಹೆದರುತ್ತಾರೆ. ಹೆದರಿ ಹೆದರಿ ಸಾಕಾದ ಮೇಲೆ ‘ಪಾಸ್’ ಎಂದು ಸಹಿ ಹಾಕುತ್ತಾರೆ. ಪುಕ್ಕಲಕ್ಕ ಈ ಎರಡನೆಯ ಗುಂಪಿನವಳು. ಅವಳು ಪಾಸು ಮಾಡಿದ ಮೇಲೆ ಇನ್ನೊಬ್ಬರು ನೋಡಬೇಕಾಗಿಲ್ಲ ಎಂದು ಎಲ್ಲರೂ ನಂಬಿದ್ದರು.

ಅವಳ ಪಾಲಿಗೆ ಬಂದದ್ದು ಸರದಿಯ ಕೆಲಸ. ಚಿಪ್ಪಿನ ಒಳಗೆ ಮೆಮರಿ ಒಂದೇ, ಅದನ್ನು ಕೇಳುವವರು ಹತ್ತಾರು. ಪರದೆಗೆ ಗೆರೆ ಎಳೆಯುವ ಭಾಗಕ್ಕೂ ಅದೇ ಬೇಕು, ಪ್ರಿಂಟ್ ತೆಗೆಯುವ ಭಾಗಕ್ಕೂ ಅದೇ ಬೇಕು, ಅಲಾರಂ ಹೊಡೆಯುವ ಭಾಗಕ್ಕೂ ಅದೇ ಬೇಕು. ಬಾಗಿಲು ಮಾತ್ರ ಒಂದು ಸಲಕ್ಕೆ ಒಬ್ಬರಿಗೆ ತೆರೆಯುತ್ತದೆ. ಯಾರಿಗೆ ಮೊದಲು, ಯಾರಿಗೆ ಆಮೇಲೆ ಎಂದು ಹೇಳಲು ಆ ಬಾಗಿಲಲ್ಲಿ ಒಂದು ಪುಟ್ಟ ಸರ್ಕ್ಯೂಟ್ ಇರುತ್ತದೆ. ಆಫೀಸಿನಲ್ಲಿ ಅದಕ್ಕೆ ಆರ್ಬಿಟರ್ ಎನ್ನುತ್ತಿದ್ದರು. ಪುಕ್ಕಲಕ್ಕ ಮನಸ್ಸಿನಲ್ಲೇ ಅದಕ್ಕೆ ದೊಡ್ಡಮ್ಮ ಎನ್ನುತ್ತಿದ್ದಳು.

ಕಾರಣವಿಲ್ಲದೆ ಅಲ್ಲ. ಮೂರು ವರ್ಷದ ಮಗುವಾಗಿದ್ದಾಗ ತಾಯಿ ತೀರಿಕೊಂಡರು, ತಾಯಿಯ ಅಕ್ಕ ಬಂದು ಎತ್ತಿಕೊಂಡು ಹೋದರು. ಆ ಮನೆಯಲ್ಲಿ ಜನ ಒಂಬತ್ತು, ಬಚ್ಚಲು ಒಂದು. ಬೆಳಿಗ್ಗೆ ಆರಕ್ಕೆ ಬಚ್ಚಲ ಬಾಗಿಲ ಮುಂದೆ ಬಕೆಟ್ಟುಗಳ ಸಾಲು. ದೊಡ್ಡಮ್ಮನ ಕಾನೂನು ಎರಡೇ. ಯಾರ ಬಕೆಟ್ ಹೆಚ್ಚು ಹೊತ್ತು ಕಾದಿದೆಯೋ ಅವರು ಮೊದಲು. ನಡುವೆ ಬಕೆಟ್ ಎತ್ತಿದರೋ, ಸರದಿ ಹೋಯಿತು, ಹಿಂದಿನಿಂದ ಬನ್ನಿ. ದೊಡ್ಡಪ್ಪನಿಗೂ ಇದೇ ಕಾನೂನು, ನಂಟರಿಗೂ ಇದೇ. ನ್ಯಾಯ ಎಂದರೆ ನ್ಯಾಯ, ಯಾರೂ ತುಟಿಪಿಟಕ್ಕೆನ್ನುತ್ತಿರಲಿಲ್ಲ. ಆದರೆ ಆಕೆಯ ಬಕೆಟ್ ಮಾತ್ರ ಎಂದೂ ಸಾಲಿನಲ್ಲಿ ನಿಲ್ಲುತ್ತಿರಲಿಲ್ಲ. ಇಡುತ್ತಿದ್ದರು, ಯಾರೋ ‘ಸ್ಕೂಲಿಗೆ ಹೊತ್ತಾಯ್ತು’ ಎಂದು ಓಡಿ ಬರುತ್ತಿದ್ದರು, ‘ಅಯ್ಯೋ, ನಂದೇನು ಅವಸರ’ ಎಂದು ತೆಗೆದುಬಿಡುತ್ತಿದ್ದರು. ಮತ್ತೆ ಇಡುತ್ತಿದ್ದರು, ಮತ್ತೆ ತೆಗೆಯುತ್ತಿದ್ದರು. ಹೀಗಾಗಿ ಇಡೀ ಮನೆಗೆ ನ್ಯಾಯ ಹಂಚಿದ ಹೆಂಗಸಿಗೆ ಸ್ನಾನ ಆಗುತ್ತಿದ್ದದ್ದು ಹನ್ನೆರಡು ಗಂಟೆಗೆ.

ಆ ದೊಡ್ಡಮ್ಮ ಈಗ ಎಪ್ಪತ್ತೆಂಟರ ಮುದುಕಿ, ಎದೆಯಲ್ಲಿ ಸೋಂಕು ಕಟ್ಟಿಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದರು. ಆರು ಮಂಚದ ವಾರ್ಡು, ಕಿಟಕಿಯಿಂದ ಎರಡನೆಯ ಮಂಚ. ಬೆರಳಿಗೆ ಕ್ಲಿಪ್ಪು, ಕ್ಲಿಪ್ಪಿನಿಂದ ವೈರು, ವೈರಿನ ಕೊನೆಯಲ್ಲಿ ಒಂದು ಬಿಳಿ ಪೆಟ್ಟಿಗೆ. ರಕ್ತದಲ್ಲಿ ಆಮ್ಲಜನಕ ಇಳಿದರೆ, ಉಸಿರು ತಪ್ಪಿದರೆ, ಕ್ಲಿಪ್ಪು ಕಳಚಿದರೂ ಸರಿಯೇ, ಹತ್ತು ಸೆಕೆಂಡಿನ ಒಳಗೆ ಪೆಟ್ಟಿಗೆ ಬಡಿದುಕೊಳ್ಳಬೇಕು.

ಆ ಪೆಟ್ಟಿಗೆಯನ್ನು ನೋಡಿ ಪುಕ್ಕಲಕ್ಕ ಮೊದಲ ದಿನ ಹಿಗ್ಗಿದ್ದಳು. ಅದೇ ಮಾಡೆಲ್ಲು ಆಫೀಸಿನ ಬಾಗಿಲ ಬಳಿ ಗಾಜಿನ ಕಪಾಟಿನಲ್ಲಿ ಕೂತಿತ್ತು. “ದೊಡ್ಡಮ್ಮ, ಇದರ ಒಳಗಿರೋ ಚಿಪ್ ನಮ್ಮದು. ಸರದಿ ನೋಡೋ ಭಾಗ ನಾನೇ ಪಾಸ್ ಮಾಡಿದ್ದು, ನಾಲ್ಕು ವರ್ಷದ ಹಿಂದೆ.”

“ಹಾಗಾದ್ರೆ ನನ್ನ ಉಸಿರು ನಿನ್ನ ಕೈಲಿದೆ ಅನ್ನು.” ದೊಡ್ಡಮ್ಮ ನಕ್ಕರು, ನಕ್ಕದ್ದಕ್ಕೆ ಕೆಮ್ಮಿದರು, ಕೆಮ್ಮು ನಿಂತ ಮೇಲೆ ಪಕ್ಕದ ಮಂಚದವರಿಗೆ ಹೇಳಿದರು, “ನಮ್ಮ ಹುಡುಗಿ ಮಾಡಿದ ಮಿಷನ್ನು ಇದು. ನೀವೂ ನಿಶ್ಚಿಂತೆಯಿಂದ ನಿದ್ದೆ ಮಾಡಿ.”

ಆರನೆಯ ದಿನ ಬೆಳಿಗ್ಗೆ ಹತ್ತರ ಸುಮಾರಿಗೆ ದೊಡ್ಡಮ್ಮ ಮಗ್ಗುಲು ಬದಲಿಸಿದರು, ಕ್ಲಿಪ್ಪು ಬೆರಳಿನಿಂದ ಕಳಚಿ ಹೊದಿಕೆಯ ಮೇಲೆ ಬಿತ್ತು. ಪುಕ್ಕಲಕ್ಕ ಎತ್ತಿಕೊಂಡಳು. ಎತ್ತಿಕೊಂಡವಳಿಗೆ ಏನೋ ಕಡಿಮೆ ಅನ್ನಿಸಿತು. ಪೆಟ್ಟಿಗೆ ಕೂಗುತ್ತಿಲ್ಲ. ಆಗಷ್ಟೇ ದೊಡ್ಡ ಸಿಸ್ಟರ್, ಅಂದರೆ ಆ ವಾರ್ಡಿನ ಹಿರಿಯ ನರ್ಸು, ಹಿಂದಿನ ದಿನದ ಗ್ರಾಫನ್ನು ಪರದೆಯ ಮೇಲೆ ತೆರೆದು, ಪ್ರಿಂಟ್ ಒತ್ತಿ, ಪಕ್ಕದ ಮಂಚಕ್ಕೆ ಹೋಗಿದ್ದರು. ಕಾಗದ ಸರಸರನೆ ಹೊರಗೆ ಬರುತ್ತಿತ್ತು. ಗ್ರಾಫು ಈಗಿನ ಅಂಕಿಗಳನ್ನೆಲ್ಲ ಮುಚ್ಚಿ ನಿಂತಿತ್ತು. ಇಪ್ಪತ್ತು, ಇಪ್ಪತ್ತೊಂದು, ಇಪ್ಪತ್ತೆರಡು. ಅವಳು ಯಾವಾಗ ಎಣಿಸಲು ಶುರು ಮಾಡಿದಳೋ ಅವಳಿಗೇ ಗೊತ್ತಿಲ್ಲ. ಮೂವತ್ತೆಂಟಕ್ಕೆ ಪ್ರಿಂಟ್ ಮುಗಿಯಿತು. ಮರುಕ್ಷಣವೇ ಪೆಟ್ಟಿಗೆ ಟೀಂ ಟೀಂ ಎಂದು ಬೊಬ್ಬೆ ಹೊಡೆಯಿತು.

ಕ್ಲಿಪ್ಪನ್ನು ಮತ್ತೆ ದೊಡ್ಡಮ್ಮನ ಬೆರಳಿಗೆ ಹಾಕಿದಳು. ಪಕ್ಕದಲ್ಲಿ ಖಾಲಿ ಮಂಚ ಒಂದಿತ್ತು, ಅದಕ್ಕೂ ಅಂಥದೇ ಪೆಟ್ಟಿಗೆ. ಅದರ ಕ್ಲಿಪ್ಪನ್ನು ತನ್ನ ಬೆರಳಿಗೆ ಸಿಕ್ಕಿಸಿಕೊಂಡಳು. ಬರೀ ಪ್ರಿಂಟ್ ಒತ್ತಿ ಕ್ಲಿಪ್ಪು ಕಿತ್ತಳು, ಒಂಬತ್ತು ಸೆಕೆಂಡಿಗೆ ಅಲಾರಂ. ಬರೀ ಗ್ರಾಫ್ ತೆರೆದು ಕಿತ್ತಳು, ಒಂಬತ್ತು. ಎರಡನ್ನೂ ಒಟ್ಟಿಗೆ ಮಾಡಿ ಕಿತ್ತಳು. ಮೌನ. ಕಾಗದ ಮುಗಿಯುವ ತನಕ ಮೌನ. ಮತ್ತೊಮ್ಮೆ ಮಾಡಿದಳು. ಮತ್ತೆ ಅದೇ.

“ಏನಮ್ಮಾ, ಇದೇನು ಆಟದ ಸಾಮಾನಾ?” ದೊಡ್ಡ ಸಿಸ್ಟರ್ ಹಿಂದೆಯೇ ನಿಂತಿದ್ದರು.

“ಅಲ್ಲ ಸಿಸ್ಟರ್, ಎರಡೂ ಒಟ್ಟಿಗೆ ಒತ್ತಿದ್ರೆ ಅಲಾರಂ...”

“ತಿಂಗಳಿಗೊಮ್ಮೆ ಕಂಪನಿಯವರು ಬಂದು ಚೆಕ್ ಮಾಡಿ ಹೋಗ್ತಾರೆ. ನಿಮಗಿಂತ ಅವರಿಗೆ ಚೆನ್ನಾಗಿ ಗೊತ್ತಿರುತ್ತೆ.”

ಆ ಕಂಪನಿಗೆ ಚಿಪ್ ಕೊಟ್ಟವಳೇ ನಾನು ಎನ್ನಬೇಕಿತ್ತು. ಸಿಸ್ಟರಿನ ಒಂದು ಕೈಯಲ್ಲಿ ಔಷಧದ ತಟ್ಟೆ, ಇನ್ನೊಂದರಲ್ಲಿ ಎರಡು ಫೈಲು. “ಹೋಗಲಿ ಬಿಡಿ ಸಿಸ್ಟರ್,” ಎಂದಳು. ಎಂಥಾ ಮಾತು ಆಡಿದೆನಲ್ಲ ಎಂದು ಆಮೇಲೆ ಎಷ್ಟು ಸಲ ಹಲುಬಿದಳೋ.

ಹನ್ನೊಂದಕ್ಕೆ ದೊಡ್ಡಮ್ಮನ ಮಗ ಬಂದ. ಇವಳು ಅಣ್ಣಾ ಎಂದು ಕರೆಯುವವನು, ಬಸ್ಸಿನ ಡ್ರೈವರು. ಅವನನ್ನು ಕುರ್ಚಿಯಲ್ಲಿ ಕೂರಿಸಿ, ಪುಕ್ಕಲಕ್ಕ ಆಫೀಸಿಗೆ ಓಡಿದಳು.

ಹಳೆಯ ಫೈಲು ತೆರೆದಳು. ಎಲ್ಲ ಹಸಿರು. ಒಂದೊಂದು ಸಾಲಿನ ಪಕ್ಕದಲ್ಲೂ ಹಸಿರು ಗುರುತು, ಕೆಳಗೆ ಅವಳ ಸಹಿ. ಅವಳು ಬರೀ ನಾಲ್ಕು ಸಲ ಓಡಿಸಿ ನೋಡಿ ಬಿಟ್ಟ ಕೆಲಸವಲ್ಲ ಅದು. ಆಗಬಹುದಾದ ಎಲ್ಲ ಸಂದರ್ಭಗಳನ್ನೂ ಕಂಪ್ಯೂಟರಿಗೇ ಹುಡುಕಲು ಬಿಟ್ಟು, ‘ಯಾರೂ ಇಷ್ಟಕ್ಕಿಂತ ಹೆಚ್ಚು ಹೊತ್ತು ಕಾಯುವುದಿಲ್ಲ’ ಎಂದು ಗಣಿತದಲ್ಲಿ ಸಾಬೀತು ಮಾಡಿದ್ದಳು. ಸಾಬೀತಾದದ್ದು ಸುಳ್ಳಾಗುವುದು ಹೇಗೆ? ಹನ್ನೆರಡಾಯಿತು, ಒಂದಾಯಿತು. ಪಕ್ಕದವರು ಊಟಕ್ಕೆ ಕರೆದರು, ತಲೆ ಅಲ್ಲಾಡಿಸಿದಳು. ಎ.ಸಿ. ತಂಪಿನಲ್ಲೂ ಬೆನ್ನು ಬೆವರುತ್ತಿತ್ತು. ಆರ್ಬಿಟರಿನ ನಿಯಮವನ್ನು ಇಪ್ಪತ್ತನೆಯ ಸಲ ಓದಿದಳು. ಯಾರು ಹೆಚ್ಚು ಹೊತ್ತು ಕಾದಿದ್ದಾರೋ ಅವರು ಮೊದಲು. ದೊಡ್ಡಮ್ಮನ ಮೊದಲನೆಯ ಕಾನೂನು.

ಹಾಗಾದರೆ ಎರಡನೆಯದು?

ಬಕೆಟ್ ಎತ್ತಿದರೆ ಸರದಿ ಹೋಯಿತು.

ಕಂಪ್ಯೂಟರ್ ಎಷ್ಟೇ ಜಾಣನಾದರೂ, ಕೇಳುವವರ ನಡತೆ ಎಂಥದು ಎಂದು ಮೊದಲು ಅದಕ್ಕೆ ಹೇಳಿಕೊಡಬೇಕು. ಆ ಹೇಳಿಕೆಗಳ ಪಟ್ಟಿ ಬೇರೆಯೇ ಒಂದು ಪುಟದಲ್ಲಿತ್ತು. ಏಳನೆಯ ಸಾಲು: ಕೇಳಿದವರು ಮೆಮರಿ ಸಿಗುವ ತನಕ ಕೈ ಇಳಿಸುವುದಿಲ್ಲ. ಅದರ ಮುಂದೆ ಅವಳದೇ ಟಿಪ್ಪಣಿ: ಅಲಾರಂನವರನ್ನು ಕೇಳಿ ಖಚಿತಪಡಿಸಿಕೊಳ್ಳಬೇಕು.

ಖಚಿತಪಡಿಸಿಕೊಂಡಿದ್ದಳೇ? ನೆನಪು ಬಂತು, ಬರಬಾರದಷ್ಟು ಚೆನ್ನಾಗಿ ಬಂತು. ಅಲಾರಂ ಭಾಗ ಬರೆದವನು ಮೂಲೆಯ ಮೇಜಿನಲ್ಲಿ ಕೂರುತ್ತಿದ್ದ, ಎಲ್ಲರೂ ಗಂಟೆಯಪ್ಪ ಎನ್ನುತ್ತಿದ್ದರು. ಮೊದಲ ಸಲ ಹೋದಾಗ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ‘ಒಂದ್ನಿಮಿಷ ಅಕ್ಕ’ ಎಂದು ಬೆರಳು ತೋರಿಸಿದ. ಅವಳು ಒಂದು ನಿಮಿಷ ನಿಂತು ವಾಪಸು ಬಂದಳು. ಎರಡನೆಯ ಸಲ ಫೋನಿನಲ್ಲಿದ್ದ. ಮೂರನೆಯ ಸಲ ಮೇಲ್ ಬರೆದಳು. ಬರೆದು, ಪಾಪ, ಎಷ್ಟು ತಲೆ ತಿನ್ನುವುದು ಅಂದುಕೊಂಡು, ಕಳಿಸದೆ ಅಳಿಸಿದಳು. ಕೇಳಿದವರು ಕೈ ಇಳಿಸುವುದಿಲ್ಲ ಎಂದು ಬರೆದವಳೇ ಮೂರು ಸಲ ಕೈ ಎತ್ತಿ ಮೂರು ಸಲವೂ ಇಳಿಸಿದ್ದಳು. ಹುಲ್ಲುಕಡ್ಡಿ ಅಲ್ಲಾಡಿದರೂ ಹೆದರುವವಳು, ಹೆದರಬೇಕಾದ ಆ ಒಂದು ಜಾಗದಲ್ಲಿ ಸಂಕೋಚಪಟ್ಟಿದ್ದಳು.

ಗಂಟೆಯಪ್ಪ ಬೇರೆ ಕಂಪನಿ ಸೇರಿ ಎರಡು ವರ್ಷವಾಗಿತ್ತು. ಅವನು ಬರೆದದ್ದನ್ನು ತೆರೆದು ಓದಿದಳು. ಅವನನ್ನು ಬೈಯುವುದಕ್ಕೂ ದಾರಿಯಿರಲಿಲ್ಲ, ಅವನೂ ಹೆದರಿಕೆಯಿಂದಲೇ ಬರೆದಿದ್ದ. ಮೆಮರಿಯ ಬಾಗಿಲು ಎಲ್ಲಾದರೂ ಕಚ್ಚಿಕೊಂಡರೆ ಅಲಾರಂ ಅದರ ಜೊತೆ ಸಿಕ್ಕಿಬೀಳಬಾರದು ಎಂದು, ಸ್ವಲ್ಪ ಹೊತ್ತು ಕಾದು, ಸಿಗದಿದ್ದರೆ ಕೈ ಇಳಿಸಿ, ಮತ್ತೆ ಹೊಸದಾಗಿ ಕೇಳುವ ಹಾಗೆ ಮಾಡಿದ್ದ. ಕೇಳುವವರು ಇನ್ನೊಬ್ಬರೇ ಇದ್ದರೆ ಅಷ್ಟರೊಳಗೆ ಸರದಿ ಬರುತ್ತಿತ್ತು. ಪ್ರಿಂಟೂ ಗ್ರಾಫೂ ಇಬ್ಬರೂ ಹಟ ಹಿಡಿದು ನಿಂತರೆ, ಒಬ್ಬನ ಸರದಿ ಮುಗಿಯುವಾಗ ಇನ್ನೊಬ್ಬ ಹೆಚ್ಚು ಹೊತ್ತು ಕಾದವನಾಗಿರುತ್ತಿದ್ದ. ಅಲಾರಂ ಕೈ ಇಳಿಸುತ್ತಿತ್ತು, ಮತ್ತೆ ಎತ್ತುತ್ತಿತ್ತು, ಎತ್ತಿದಾಗಲೆಲ್ಲ ಸಾಲಿನ ಕೊನೆಗೆ ಹೋಗುತ್ತಿತ್ತು. ಯಾರೂ ಅದಕ್ಕೆ ಮೋಸ ಮಾಡಲಿಲ್ಲ. ನ್ಯಾಯವಾಗಿಯೇ ಅದರ ಬಾಯಿ ಕಟ್ಟಿಹೋಯಿತು.

ಏಳನೆಯ ಸಾಲನ್ನು ಅಳಿಸಿ ಕಂಪ್ಯೂಟರನ್ನು ಓಡಲು ಬಿಟ್ಟಳು. ಹನ್ನೊಂದು ನಿಮಿಷ. ಆ ಹನ್ನೊಂದು ನಿಮಿಷ ಮುಳ್ಳಿನ ಮೇಲೆ ಕೂತಳು. ಕೆಂಪು ಬಂತು. ಜೊತೆಗೆ ಚಿತ್ರವೂ ಬಂತು: ಎರಡು ಗೆರೆಗಳು ಎತ್ತರದಲ್ಲಿ ನೆಟ್ಟಗೆ ನಿಂತಿವೆ, ಮೂರನೆಯದು ಏಳುತ್ತದೆ, ಬೀಳುತ್ತದೆ, ಏಳುತ್ತದೆ, ಬೀಳುತ್ತದೆ, ಪರದೆಯ ಕೊನೆಯವರೆಗೂ.

ಗಡಿಯಾರ ನೋಡಿದಳು. ಎರಡೂ ನಲವತ್ತು. ಆಗ ಇನ್ನೊಂದು ನೆನಪಾಗಿ ಜೀವ ಬಾಯಿಗೆ ಬಂತು. ದಿನಾ ನಾಲ್ಕು ಗಂಟೆಗೆ ಡಾಕ್ಟರು ರೌಂಡ್ಸಿಗೆ ಬರುತ್ತಾರೆ. ಅದಕ್ಕೆ ಮುಂಚೆ ದೊಡ್ಡ ಸಿಸ್ಟರ್ ಮಂಚದಿಂದ ಮಂಚಕ್ಕೆ ಹೋಗಿ ಗ್ರಾಫ್ ತೆರೆದು, ಇಡೀ ದಿನದ ಪ್ರಿಂಟಿಗೆ ಒತ್ತಿ ಬರುತ್ತಾರೆ. ಅದು ಬೆಳಗಿನ ತುಂಡು ಕಾಗದವಲ್ಲ, ಮುಗಿಯಲು ಏಳೆಂಟು ನಿಮಿಷ ಬೇಕು. ಅಷ್ಟು ಹೊತ್ತು ಆ ವಾರ್ಡಿನ ಪೆಟ್ಟಿಗೆಗಳೆಲ್ಲ ಮೂಕ. ಐದು ದಿನದಿಂದ ದಿನಾ ನಾಲ್ಕಕ್ಕೆ ಅವಳು ಅದೇ ಪೆಟ್ಟಿಗೆಯ ಪಕ್ಕದಲ್ಲಿ ನಿಶ್ಚಿಂತೆಯಿಂದ ಟೀ ಕುಡಿದಿದ್ದಳು.

ಅಣ್ಣನಿಗೆ ಫೋನ್ ಮಾಡಿದಳು.

“ಅಣ್ಣಾ, ಆ ಮಿಷನ್ ನಂಬಬೇಡ. ದೊಡ್ಡಮ್ಮನ ಮುಖ ನೋಡ್ತಿರು. ತುಟಿ ನೀಲಿ ಆಗುತ್ತಾ ನೋಡ್ತಿರು.”

“ಶುರುವಾಯ್ತಾ ನಿಂದು?” ಅಣ್ಣ ನಕ್ಕ. “ಮೊನ್ನೆ ಆಕ್ಸಿಜನ್ ಪೈಪು ಮಡಚಿದೆ ಅಂತ ಇಡೀ ವಾರ್ಡು ಎಬ್ಬಿಸಿದ್ದೆ. ಮಡಚಿದ್ದು ಹೊದಿಕೆ. ನಿನಗೆ ಹಗ್ಗ ಎಲ್ಲಾ ಹಾವೇ. ಅಮ್ಮ ಚೆನ್ನಾಗಿದ್ದಾರೆ, ಅಂಕಿ ತೊಂಬತ್ತನಾಲ್ಕು ಇದೆ, ನಾನು ಕಣ್ಣಿಗೆ ಎಣ್ಣೆ ಬಿಟ್ಕೊಂಡು ನೋಡ್ತಾ ಇದೀನಿ.”

“ಅಂಕಿ ನೋಡಬೇಡ ಅಂತಾನೇ ಹೇಳ್ತಿರೋದು!”

“ಆಯ್ತು ಮಾರಾಯ್ತಿ, ಆಯ್ತು,” ಎಂದು ಅವನು ಇಟ್ಟುಬಿಟ್ಟ. ನಲವತ್ತೆರಡು ವರ್ಷ ತೋಳ ಬಂತು ತೋಳ ಎಂದವಳ ಮಾತು ಯಾರಿಗೆ ಬೇಕು?

ವಾರ್ಡಿನ ಫೋನಿಗೆ ಮಾಡಿದಳು. ಎತ್ತಿದ್ದು ದೊಡ್ಡ ಸಿಸ್ಟರೇ. ಈ ಸಲ ಅವಳು ಉಸಿರು ತೆಗೆದುಕೊಳ್ಳದೆ ಹೇಳಿದಳು. “ಸಿಸ್ಟರ್, ನಾನು ಬೆಳಿಗ್ಗೆ ಮಿಷನ್ ಜೊತೆ ಆಡ್ತಿದ್ದವಳು. ಅದರ ಚಿಪ್ಪನ್ನ ಪಾಸ್ ಮಾಡಿದವಳು ನಾನೇ. ತಪ್ಪು ಮಾಡಿದೀನಿ. ಗ್ರಾಫು, ಪ್ರಿಂಟು ಎರಡೂ ಒಟ್ಟಿಗೆ ಇದ್ದಾಗ ಅಲಾರಂ ಬರಲ್ಲ.”

“ಯಾರೋ ಫೋನಲ್ಲಿ ಹೇಳಿದ್ರು ಅಂತ ನಾನು ರೌಂಡ್ಸಿನ ಪ್ರಿಂಟ್ ನಿಲ್ಲಿಸೋಕಾಗುತ್ತಾ? ಬರವಣಿಗೆಯಲ್ಲಿ ಬರಲಿ.”

“ಬರುತ್ತೆ. ಅಲ್ಲೀವರೆಗೆ ಅವರನ್ನ ಒಂದು ಕಣ್ಣು ನೋಡಿ. ನಮ್ಮ ದೊಡ್ಡಮ್ಮ ಎರಡನೇ ಸಲ ಕೇಳೋರಲ್ಲ. ಕೈ ಎತ್ತುತ್ತಾರೆ, ನೀವು ಬೇರೆ ಕೆಲಸದಲ್ಲಿದ್ರೆ ಇಳಿಸಿಬಿಡ್ತಾರೆ. ಇಳಿಸಿದ ಕೈ ನೋಡಿ ಸಿಸ್ಟರ್.”

“ನಂಗೆ ಕೆಲಸ ಇದೆ,” ಎಂದು ಫೋನ್ ಕಟ್ಟಾಯಿತು.

ಅತ್ತ ದರಿ, ಇತ್ತ ಪುಲಿ. ಆಸ್ಪತ್ರೆಗೆ ನಲವತ್ತು ನಿಮಿಷದ ದಾರಿ, ಈಗ ಹೊರಟರೆ ನಾಲ್ಕಕ್ಕೆ ಮುಂಚೆ ಮುಟ್ಟಬಹುದು. ಆದರೆ ಒಂದು ಮಂಚದ ಪಕ್ಕ ನಿಂತರೆ ಉಳಿಯುವುದು ಒಂದು ಮಂಚ. ಅಂಥ ಪೆಟ್ಟಿಗೆಗಳು ಎಷ್ಟು ಊರಿನಲ್ಲಿ, ಎಷ್ಟು ವಾರ್ಡಿನಲ್ಲಿ ಕೂತಿವೆಯೋ, ಅವಳಿಗೆ ಅಂಕಿ ಗೊತ್ತಿತ್ತು, ನೆನೆಯಲು ಧೈರ್ಯವಿರಲಿಲ್ಲ. ಅಳುತ್ತಲೇ ಚೀಲ ಹೆಗಲಿಗೆ ಹಾಕಿದಳು, ಕೆಂಪು ಚಿತ್ರದ ಪ್ರಿಂಟ್ ತೆಗೆದುಕೊಂಡಳು, ಮುಖ್ಯಸ್ಥರ ಕೋಣೆಯ ಕಡೆ ನಡೆದಳು.

ಮುಖ್ಯಸ್ಥರಿಗೆ ಆಫೀಸಿನಲ್ಲಿದ್ದ ಹೆಸರು ನೋಡೋಣ ಸಾಹೇಬರು. ರಜೆ ಕೇಳಿದರೂ ನೋಡೋಣ, ಬೆಂಕಿ ಬಿತ್ತು ಎಂದರೂ ನೋಡೋಣ. ಕೆಟ್ಟ ಮನುಷ್ಯನಲ್ಲ, ಅವಸರ ಆಗದ ಮನುಷ್ಯ. ಚಿತ್ರ ನೋಡಿದರು, ಕನ್ನಡಕ ತೆಗೆದರು, ಹಾಕಿದರು.

“ಹೂಂ. ಇದು ಸೀರಿಯಸ್ಸೇ. ಸೋಮವಾರ ರಿವ್ಯೂ ಇದೆಯಲ್ಲ, ಅಲ್ಲಿ ಇಟ್ಟು ನೋಡೋಣ.”

“ಈಗ ನೋಡಿ ಸರ್.”

“ಇಷ್ಟು ವರ್ಷದಲ್ಲಿ ಒಂದೂ ದೂರು ಬಂದಿಲ್ಲ...”

“ಕೂಗದೇ ಇದ್ದದ್ದರ ದೂರು ಯಾರು ಕೊಡ್ತಾರೆ ಸರ್? ಪೇಷಂಟ್ ಹೋದ್ರೆ ಕಾಯಿಲೆಯಿಂದ ಹೋದ್ರು ಅಂತಾರೆ. ಈಗ ನೋಡಿ.”

ಅವರು ಕುರ್ಚಿಗೆ ಒರಗಿದರು. ದನಿ ತಗ್ಗಿತು. “ಇದು ಆಚೆ ಹೋದ್ರೆ ಮೊದಲು ಕಾಣೋದು ನಿಮ್ಮ ಸಹಿ. ನಂದು ಆಮೇಲೆ. ಅದು ಗೊತ್ತಲ್ವಾ? ಯೋಚನೆ ಮಾಡಿ. ನಾಳೆ ಕೂತು ನೋಡೋಣ.”

ಗೊತ್ತಿಲ್ಲದೆ ಏನು? ಕೆಲಸ ಹೋದರೆ ಮನೆ ಹೇಗೆ, ಕೋರ್ಟು ಅಂದರೆ ಏನು, ಸತ್ತವರ ಮನೆಯವರು ಎದುರಿಗೆ ಬಂದು ನಿಂತರೆ ಏನೆನ್ನಲಿ, ಎಲ್ಲವೂ ಎರಡೂ ನಲವತ್ತರಿಂದ ಅವಳ ತಲೆಯಲ್ಲಿ ಸುತ್ತುತ್ತಿತ್ತು. ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು. ಬಾಗಿಲಿಗೆ ಅಡ್ಡ ನಿಂತ ಹಾಗಾಯಿತು.

“ಗೊತ್ತು ಸರ್. ಈಗ ನೋಡಿ.”

ಫೋನ್ ಬಂತು, ಅವರು ಮಾತಾಡಿದರು, ಅವಳು ನಿಂತೇ ಇದ್ದಳು. ಯಾರೋ ಫೈಲು ತಂದರು, ಅವಳು ಬಾಗಿಲು ಬಿಡಲಿಲ್ಲ, ಆತ ತಬ್ಬಿಬ್ಬಾಗಿ ವಾಪಸು ಹೋದ. ಮೂರೂಕಾಲು. ಮೂರೂ ಇಪ್ಪತ್ತು. ಹಿಂದೆ ಇವಳು ಕೇಳಿ ಸುಮ್ಮನಾದದ್ದನ್ನೇ ಕಂಡಿದ್ದ ನೋಡೋಣ ಸಾಹೇಬರಿಗೆ, ಹೋಗದೆ ನಿಂತವಳನ್ನು ಏನು ಮಾಡಬೇಕೋ ತಿಳಿಯಲಿಲ್ಲ.

“ಮಗು ಅಳದಿದ್ರೆ ತಾಯಿನೂ ಹಾಲು ಕೊಡಲ್ಲ ಅಂತಾರೆ ಸರ್,” ಎಂದಳು. “ನಾನು ನಾಲ್ಕು ವರ್ಷದ ಹಿಂದೆ ಅಳಬೇಕಿತ್ತು. ಈಗ ಅಳ್ತಿದೀನಿ. ಫೋನ್ ಮಾಡಿ.”

ಮೂರೂ ಮೂವತ್ತೈದಕ್ಕೆ ಅವರು ಪೆಟ್ಟಿಗೆ ತಯಾರಿಸುವ ಕಂಪನಿಗೆ ಫೋನ್ ಮಾಡಿದರು. ಗ್ರಾಫು ತೆರೆದಿರುವಾಗ ಪ್ರಿಂಟ್ ಒತ್ತಬಾರದು ಎಂದು ಎಲ್ಲ ಆಸ್ಪತ್ರೆಗಳಿಗೂ ಬರವಣಿಗೆಯಲ್ಲಿ ಹೋಗುತ್ತದೆ, ಸಂಜೆಯೊಳಗೆ, ಎಂದು ಆ ಕಂಪನಿಯವರು ಒಪ್ಪಿದರು. ಕೆಳಗೆ ಅವಳ ಸಹಿ ಕೇಳಿದರು. ಹಾಕಿದಳು. ಸಂಜೆ ಎಂದರೆ ನಾಲ್ಕಲ್ಲ, ಅದೂ ಅವಳಿಗೆ ಗೊತ್ತಿತ್ತು.

ಟ್ಯಾಕ್ಸಿಯಲ್ಲಿ ಅಣ್ಣನಿಗೆ ಮಾಡಿದಳು, ಎತ್ತಲಿಲ್ಲ. ವಾರ್ಡಿಗೆ ಮಾಡಿದಳು, ಎತ್ತಲಿಲ್ಲ. ನಾಲ್ಕಾಯಿತು. ಸಿಗ್ನಲ್ಲು ಕೆಂಪಾಯಿತು. ಡ್ರೈವರು ಕನ್ನಡಿಯಲ್ಲಿ ನೋಡಿ, “ಏನಮ್ಮಾ, ಹುಷಾರಿಲ್ವಾ?” ಎಂದು ಕೇಳಿದ. ನಾಲ್ಕೂ ಕಾಲಿಗೆ ಆಸ್ಪತ್ರೆ. ಲಿಫ್ಟಿಗೆ ಕಾಯದೆ ಮೂರು ಮಹಡಿ ಹತ್ತಿದಳು.

ಕಿಟಕಿಯಿಂದ ಎರಡನೆಯ ಮಂಚದ ಸುತ್ತ ಪರದೆ ಎಳೆದಿತ್ತು.

ಅವಳ ಕಾಲು ಅಲ್ಲೇ ನಿಂತಿತು. ಆ ಹಸಿರು ಬಟ್ಟೆಯ ಕೆಳಗೆ ನಾಲ್ಕೈದು ಜೊತೆ ಚಪ್ಪಲಿ ಕಾಣುತ್ತಿದ್ದವು. ಅಣ್ಣ ಪರದೆಯ ಹೊರಗೆ ಕುರ್ಚಿಯಲ್ಲಿ ತಲೆ ಮೇಲೆ ಕೈ ಹೊತ್ತು ಕೂತಿದ್ದ. ಹೋಯಿತು, ಎಂದುಕೊಂಡಳು. ನನ್ನ ಕೈಯಲ್ಲೇ ಹೋಯಿತು.

ಅಣ್ಣ ತಲೆ ಎತ್ತಿದ. ಅವನ ಮುಖದಲ್ಲಿ ರಕ್ತವಿರಲಿಲ್ಲ. “ಇದಾರೆ,” ಎಂದ. “ಇದಾರೆ, ಇದಾರೆ. ಹೆದರಬೇಡ.” ಆಮೇಲೆ ಅವಳ ಕೈ ಹಿಡಿದುಕೊಂಡು, ದೊಡ್ಡ ಗಂಡಸು, ಬಿಕ್ಕಿ ಬಿಕ್ಕಿ ಅತ್ತ. “ಮಿಷನ್ ಸುಮ್ಮನಿತ್ತು. ಅದು ಸುಮ್ಮನಿದೆ ಅಂದ್ರೆ ಎಲ್ಲ ಸರಿ ಇದೆ ಅಂತ ನಾನು ಅದನ್ನೇ ನೋಡ್ತಾ ಕೂತಿದ್ದೆ. ಅಮ್ಮ ಪಕ್ಕದಲ್ಲೇ ಇದ್ರು. ನಾನು ಆ ಕಡೆ ತಿರುಗಲೇ ಇಲ್ಲ.”

ಪರದೆ ಸರಿಯಿತು. ಡಾಕ್ಟರು ಹೊರಗೆ ಬಂದು, ಕಫ ಅಡ್ಡ ಬಂದಿತ್ತು, ತೆಗೆದಿದ್ದೇವೆ, ಈಗ ಉಸಿರು ಸರಾಗ ಇದೆ ಎಂದರು. ಹಿಂದೆಯೇ ಬಂದ ದೊಡ್ಡ ಸಿಸ್ಟರ್ ಕೈಗವಸು ಬಿಚ್ಚುತ್ತಿದ್ದರು.

“ನಾನು ಐದನೇ ಮಂಚದಲ್ಲಿ ಪ್ರಿಂಟ್ ಒತ್ತಿದ್ದೆ,” ಎಂದರು. “ಇವರು ಕೈ ಎತ್ತಿದ್ದು ಕಾಣಿಸ್ತು. ‘ಬಂದೆ’ ಅನ್ನೋಷ್ಟರಲ್ಲಿ ಇಳಿಸಿದ್ರು. ಬೇರೆ ದಿನ ಆಗಿದ್ರೆ, ಸದ್ಯ, ಏನೂ ಬೇಡ್ವೇನೋ ಅಂದ್ಕೊಂಡು ಪ್ರಿಂಟ್ ಮುಗಿಸೇ ಬರ್ತಿದ್ದೆ. ನೀವು ಫೋನಲ್ಲಿ ಹೇಳಿದ್ದು ತಲೇಲಿ ಕೂತುಬಿಟ್ಟಿತ್ತು ನೋಡಿ, ಓಡಿ ಬಂದೆ. ಬಂದು ನೋಡಿದ್ರೆ ತುಟಿ ನೀಲಿ.” ಕೈಗವಸನ್ನು ತೊಟ್ಟಿಗೆ ಎಸೆದು, “ನಿಮ್ಮ ಮಿಷನ್ ಆಮೇಲೆ ಕೂಗ್ತು. ನಾವು ಕಫ ತೆಗೆದಾದ ಮೇಲೆ,” ಎಂದರು. ಪುಕ್ಕಲಕ್ಕ ಅವರ ಎರಡೂ ಕೈ ಹಿಡಿದುಕೊಂಡಳು.

ದೊಡ್ಡ ಸಿಸ್ಟರ್ ಯಾರ ಬರವಣಿಗೆಗೂ ಕಾಯಲಿಲ್ಲ. ಮಂಚದಿಂದ ಮಂಚಕ್ಕೆ ಹೋಗಿ ಪ್ರಿಂಟ್ ನಿಲ್ಲಿಸಿ, ಗ್ರಾಫು ಮುಚ್ಚಿ, ಒಬ್ಬೊಬ್ಬರ ಮುಖಕ್ಕೂ ಬಗ್ಗಿ ನೋಡುತ್ತ ಬಂದರು.

ಪುಕ್ಕಲಕ್ಕ ಮಂಚದ ಪಕ್ಕದ ಸ್ಟೂಲಿನಲ್ಲಿ ಕೂತಳು. ವಾರ್ಡು ಮೌನವಾಗಿತ್ತು. ಹಿಂದೆಲ್ಲ ಮೌನ ಎಂದರೆ ಅವಳಿಗೆ ನೆಮ್ಮದಿ. ಅವಳು ಹೆದರುತ್ತಿದ್ದದ್ದೇ ಸದ್ದಿಗೆ. ಈಗ ಅಲ್ಲಿದ್ದ ಪೆಟ್ಟಿಗೆಗಳೂ, ಅವಳು ಕಂಡರಿಯದ ಊರುಗಳ ಪೆಟ್ಟಿಗೆಗಳೂ ಸುಮ್ಮನೆ ಕೂತಿರುವುದು ಕಿವಿಗೆ ಕೇಳಿಸುತ್ತಿತ್ತು. ನಾಲ್ಕು ವರ್ಷದಲ್ಲಿ ಎಷ್ಟು ನಾಲ್ಕು ಗಂಟೆಗಳು, ಎಷ್ಟು ಕೈಗಳು ಎದ್ದು ಇಳಿದವೋ, ಅದನ್ನು ಯಾವ ಕಂಪ್ಯೂಟರೂ ಹುಡುಕಿ ಕೊಡುವುದಿಲ್ಲ. ಅವಳು ಆ ಮೌನವನ್ನೇ ಕೇಳುತ್ತ ಕಲ್ಲಾಗಿ ಕೂತಿದ್ದಳು, ಹೊದಿಕೆಯ ಮೇಲೆ ಒಂದು ಕೈ ಮೇಲೆದ್ದದ್ದು ಅವಳಿಗೂ ಕಾಣಲಿಲ್ಲ.

“ನೀರು,” ಎಂದರು ದೊಡ್ಡಮ್ಮ, ಮಾಸ್ಕಿನ ಒಳಗಿನಿಂದ.

ಅವಳು ಕೇಳಿಸಿಕೊಳ್ಳಲಿಲ್ಲ. ಕೈ ಇಳಿಯುವುದರಲ್ಲಿತ್ತು. ಅರ್ಧಕ್ಕೆ ತಡೆಯಿತು, ಮತ್ತೆ ಎದ್ದಿತು, ಅವಳ ಸೆರಗು ಹಿಡಿದು ಜಗ್ಗಿತು.

“ನೀರು ಅಂದೆ. ಎರಡೆರಡು ಸಲ ಕೇಳಬೇಕೇನೇ?”

ಎಪ್ಪತ್ತೆಂಟು ವರ್ಷದಲ್ಲಿ ಆ ಹೆಂಗಸು ಯಾವುದನ್ನೂ ಎರಡನೆಯ ಸಲ ಕೇಳಿದ್ದನ್ನು ಯಾರೂ ಕಂಡಿರಲಿಲ್ಲ. ಪುಕ್ಕಲಕ್ಕ ಎದ್ದಳು, ಲೋಟ ಹುಡುಕಿದಳು, ಅವಸರದಲ್ಲಿ ಅರ್ಧ ನೀರು ಹೊದಿಕೆಯ ಮೇಲೆ ಚೆಲ್ಲಿದಳು. “ಹೂಂ ದೊಡ್ಡಮ್ಮ, ಕೇಳಿ,” ಎಂದಳು ಅಳುತ್ತ. “ಮೂರು ಸಲ ಕೇಳಿ.”